ಮರದ ಗಾಯ ಮತ್ತು ಅದರ ಆರೈಕೆ: ಅರ್ಜಿದಾರರಿಗೆ ಮಾಹಿತಿ

ಮನೆಯ ಆವರಣದ ಅಥವಾ ರಸ್ತೆ ಬದಿಯ ಮರವನ್ನು ತೆರವುಗೊಳಿಸಲು ಅನುಮತಿ ಕೋರುವ ಅರ್ಜಿಗಳಲ್ಲಿ "ಕಾಂಡದಲ್ಲಿ ಪೊಟರೆ ಬಿದ್ದಿದೆ", "ಮರ ಒಳಗೆ ಕೊಳೆತಿದೆ" ಎಂಬ ಕಾರಣಗಳು ಕಂಡುಬರುವುದುಂಟು. ಪೊಟರೆ ಬಿದ್ದ ಮರವೆಲ್ಲ ಸಾಯುವ ಮರವಲ್ಲ. ಹೊರಗೆ ಹಸಿರಾಗಿ ಕಾಣುವ ಮರವೆಲ್ಲ ಭದ್ರವೂ ಅಲ್ಲ. ಮರವು ತನ್ನ ಗಾಯವನ್ನು ಹೇಗೆ ಎದುರಿಸುತ್ತದೆ ಎಂಬುದನ್ನು ಅರ್ಜಿ ಸಲ್ಲಿಸುವ ಮುನ್ನ ಸಾರ್ವಜನಿಕರು ತಿಳಿದಿರುವುದು ಸೂಕ್ತ.

ಗಾಯ ಮಾಯುವುದಿಲ್ಲ, ಮುಚ್ಚಿಕೊಳ್ಳುತ್ತದೆ

ಮನುಷ್ಯನ ಚರ್ಮ ತರಚಿದರೆ ಅದೇ ಜಾಗದಲ್ಲಿ ಹೊಸ ಜೀವಕೋಶಗಳು ಬೆಳೆಯುತ್ತವೆ. ಮರದಲ್ಲಿ ಹೀಗಾಗದು. ಒಮ್ಮೆ ಹಾನಿಗೊಂಡ ಭಾಗವು ಎಂದಿಗೂ ಮೊದಲಿನಂತಾಗುವುದಿಲ್ಲ. ಮರವು ಅದನ್ನು ಉಳಿದ ಭಾಗದಿಂದ ಬೇರ್ಪಡಿಸಿ, ಅದರ ಹೊರಗೆ ಹೊಸ ಮರವನ್ನು ಬೆಳೆಸಿಕೊಂಡು ಮುಂದುವರಿಯುತ್ತದೆ. ಅಮೆರಿಕದ ಅರಣ್ಯ ಸೇವೆಯ ವಿಜ್ಞಾನಿ ಅಲೆಕ್ಸ್ ಶೈಗೊ ಅವರು ಸಾವಿರಾರು ಮರಗಳನ್ನು ಯಂತ್ರಗರಗಸದಿಂದ ಸೀಳಿ ಪರೀಕ್ಷಿಸಿ, ಈ ಕ್ರಿಯೆಯನ್ನು ನಾಲ್ಕು ಗೋಡೆಗಳ ರೂಪದಲ್ಲಿ ವಿವರಿಸಿದರು. ಸದರಿ ವಿವರಣೆಯು 1977ರಲ್ಲಿ ಪ್ರಕಟವಾಯಿತು.

ಮೊದಲನೆಯ ಗೋಡೆಯು ಕೊಳೆತವು ಮೇಲಕ್ಕೂ ಕೆಳಕ್ಕೂ ಹರಡುವುದನ್ನು ತಡೆಯುತ್ತದೆ. ನೀರು ಸಾಗಿಸುವ ನಾಳಗಳನ್ನು ಮುಚ್ಚಿ ಇದು ರೂಪುಗೊಳ್ಳುವುದರಿಂದ ನಾಲ್ಕರಲ್ಲಿ ಇದೇ ದುರ್ಬಲ. ಕಾಂಡದ ಪೊಟರೆಗಳು ಅಗಲಕ್ಕಿಂತ ಉದ್ದವಾಗಿರುವುದಕ್ಕೆ ಕಾರಣವೂ ಇದೇ. ಎರಡನೆಯದು ಕೊಳೆತವು ತಿರುಳಿನತ್ತ ಹೋಗದಂತೆಯೂ, ಮೂರನೆಯದು ಪಕ್ಕಕ್ಕೆ ಹಬ್ಬದಂತೆಯೂ ತಡೆಯುತ್ತದೆ. ನಾಲ್ಕನೆಯದು ಗಾಯವಾದ ನಂತರ ತೊಗಟೆಯ ಕೆಳಗಿನ ಕ್ಯಾಂಬಿಯಂ ಪದರವು ಹೊಸದಾಗಿ ಕಟ್ಟುವ ಗೋಡೆ. ಇದು ಎಲ್ಲಕ್ಕಿಂತ ಬಲವಾದದ್ದು. ಈ ಗೋಡೆ ಉಳಿದಿರುವವರೆಗೆ, ಗಾಯವಾದ ದಿನ ಮರ ಎಷ್ಟು ದಪ್ಪವಿತ್ತೋ ಅದರಾಚೆಗೆ ಕೊಳೆತವು ಸಾಮಾನ್ಯವಾಗಿ ದಾಟುವುದಿಲ್ಲ. ಆ ಮೇಲೆ ಬೆಳೆದ ಮರವೆಲ್ಲ ಗಟ್ಟಿಯಾಗಿಯೇ ಇರುತ್ತದೆ. ಒಳಗೆ ಟೊಳ್ಳಾದ ಹಳೆಯ ಹುಣಸೆ ಮರಗಳು ವರ್ಷ ವರ್ಷ ಫಲ ಕೊಡುತ್ತಿರುವುದು ಹೀಗೆ.

ತೆಂಗು ಮತ್ತು ಅಡಿಕೆಯ ವಿಷಯ ಬೇರೆ. ಇವುಗಳ ಕಾಂಡದಲ್ಲಿ ಕ್ಯಾಂಬಿಯಂ ಪದರವೇ ಇಲ್ಲ. ಹತ್ತಲು ಅನುಕೂಲವಾಗಲೆಂದು ತೆಂಗಿನ ಕಾಂಡದಲ್ಲಿ ಕಡಿದ ಮೆಟ್ಟಿಲುಗಳು ಮರ ಇರುವವರೆಗೂ ಹಾಗೆಯೇ ಉಳಿಯುತ್ತವೆ. ಆದುದರಿಂದ ಈ ಮರಗಳಿಗೆ ಗಾಯವಾಗದಂತೆ ನೋಡಿಕೊಳ್ಳುವುದೇ ಮುಖ್ಯ.

ಕತ್ತರಿಸಬೇಕಾದ ಸ್ಥಳ

ಕೊಂಬೆಯು ಕಾಂಡಕ್ಕೆ ಸೇರುವಲ್ಲಿ ಕೊರಳಪಟ್ಟಿಯಂತಹ ಒಂದು ಉಬ್ಬು ಇರುತ್ತದೆ. ರಕ್ಷಣೆಯ ಸಾಮರ್ಥ್ಯ ಹೆಚ್ಚಾಗಿರುವುದು ಇಲ್ಲಿಯೇ. ಕಾಂಡಕ್ಕೆ ಸಮನಾಗಿ, ಅಂದವಾಗಿ ಕಾಣುವಂತೆ ಕತ್ತರಿಸಿದರೆ ಈ ಉಬ್ಬು ಹೋಗಿ ಕೊಳೆತಕ್ಕೆ ನೇರವಾಗಿ ಕಾಂಡದೊಳಗೆ ದಾರಿಯಾಗುತ್ತದೆ. ಮೊಂಡು ಕೊಂಬೆಯನ್ನು ಬಿಟ್ಟರೆ ಅದು ಒಣಗಿ ಶಿಲೀಂಧ್ರಕ್ಕೆ ನೆಲೆಯಾಗುತ್ತದೆ. ಉಬ್ಬನ್ನು ಉಳಿಸಿ, ಅದರ ಹೊರ ಅಂಚಿನಲ್ಲಿ ಕತ್ತರಿಸತಕ್ಕದ್ದು. ಭಾರವಾದ ಕೊಂಬೆಯನ್ನು ಒಂದೇ ಬಾರಿಗೆ ಕತ್ತರಿಸಿದಲ್ಲಿ ಅದು ಬೀಳುವಾಗ ಕಾಂಡದ ತೊಗಟೆಯನ್ನು ಉದ್ದಕ್ಕೂ ಸೀಳಿಕೊಂಡು ಬರುತ್ತದೆ. ಆದಕಾರಣ ಮೊದಲು ಬುಡದಿಂದ ಸುಮಾರು ಒಂದು ಅಡಿ ದೂರದಲ್ಲಿ ಕೆಳಗಿನಿಂದ ಅರೆಕೊಯ್ತ, ನಂತರ ಅದಕ್ಕಿಂತ ಸ್ವಲ್ಪ ಆಚೆ ಮೇಲಿನಿಂದ ಪೂರ್ಣ ಕೊಯ್ತ, ಕೊನೆಗೆ ಉಳಿದ ಮೊಂಡನ್ನು ಉಬ್ಬಿನ ಅಂಚಿನಲ್ಲಿ ತೆಗೆಯುವುದು ಸರಿಯಾದ ಕ್ರಮ.

ಬಳಿಯುವುದು, ತುಂಬುವುದು

ಗಾಯಕ್ಕೆ ಡಾಂಬರು, ಬಣ್ಣ ಅಥವಾ ಸಗಣಿ ಬಳಿಯುವ ರೂಢಿ ಹಳೆಯದು. ಇಂತಹ ಲೇಪನಗಳು ಕೊಳೆತವನ್ನು ತಡೆಯುವುದಿಲ್ಲವೆಂದು ಸಂಶೋಧನೆಗಳು ತೋರಿಸಿವೆ. ನೋಡುವವರಿಗೆ ಏನೋ ಮಾಡಿದ ಸಮಾಧಾನ ಸಿಗುತ್ತದೆ, ಅಷ್ಟೆ. ಮಾವಿನ ತೋಟಗಳಲ್ಲಿ ಹಾಗೂ ತೆಂಗಿನ ಕಾಂಡ ಸೋರುವ ರೋಗದಲ್ಲಿ ಬಳಸುವ ಬೋರ್ಡೋ ಮುಲಾಮು ಇದಕ್ಕೆ ಅಪವಾದ. ಅದು ಗಾಯವನ್ನು ಮುಚ್ಚುವ ಔಷಧವಲ್ಲ, ನಿರ್ದಿಷ್ಟ ಶಿಲೀಂಧ್ರ ರೋಗಗಳಿಗೆ ಮಾತ್ರ. 1 ಕೆ.ಜಿ. ಮೈಲುತುತ್ತ ಹಾಗೂ 1 ಕೆ.ಜಿ. ಸುಣ್ಣವನ್ನು ತಲಾ 5 ಲೀಟರ್ ನೀರಿನಲ್ಲಿ, ಲೋಹದ ಪಾತ್ರೆ ಬಳಸದೆ, ಪ್ರತ್ಯೇಕವಾಗಿ ಕರಗಿಸಿ ಬೆರೆಸಿ ಇದನ್ನು ತಯಾರಿಸಲಾಗುತ್ತದೆ.

ಪೊಟರೆಗೆ ಸಿಮೆಂಟ್ ತುಂಬಬಾರದು. ಮರ ಗಾಳಿಗೆ ತೂಗುತ್ತದೆ, ಸಿಮೆಂಟ್ ತೂಗುವುದಿಲ್ಲ. ನಡುವಿನ ಸಂದಿನಲ್ಲಿ ನೀರು ನಿಂತು ಕೊಳೆತ ಹೆಚ್ಚುತ್ತದೆ. ಕೊಳೆತ ಭಾಗವನ್ನು ಗಟ್ಟಿ ಮರ ಸಿಗುವವರೆಗೆ ಕೆರೆಯುವುದು, ನೀರು ಹೊರಬರಲೆಂದು ರಂಧ್ರ ಕೊರೆಯುವುದು ಇನ್ನೂ ಅಪಾಯಕರ. ಮರ ವರ್ಷಗಟ್ಟಲೆ ಶ್ರಮಿಸಿ ಕಟ್ಟಿದ ಗೋಡೆಯನ್ನು ಕೈಯಾರೆ ಒಡೆದಂತಾಗುತ್ತದೆ. ವಾಹನ ತಾಗಿ ತೊಗಟೆ ಕಿತ್ತುಬಂದಿದ್ದಲ್ಲಿ ಸಡಿಲವಾದ ತುಣುಕುಗಳನ್ನಷ್ಟೇ ಹರಿತವಾದ ಚಾಕುವಿನಿಂದ ತೆಗೆದು, ಬೇಸಿಗೆಯಲ್ಲಿ ಬುಡಕ್ಕೆ ನೀರು ಒದಗಿಸಿದರೆ ಸಾಕು. ಮೊಳೆ, ದೀಪಾಲಂಕಾರದ ತಂತಿ, ಮರ ದಪ್ಪವಾದ ಮೇಲೂ ತೆಗೆಯದ ಕಬ್ಬಿಣದ ರಕ್ಷಣಾ ಬೇಲಿ ಇವೂ ಗಾಯಕ್ಕೆ ಕಾರಣಗಳೇ. ತಂತಿಯು ಕಾಂಡವನ್ನು ಸುತ್ತಲೂ ಬಿಗಿದರೆ ಎಲೆಯಲ್ಲಿ ತಯಾರಾದ ಆಹಾರ ಬೇರಿಗೆ ತಲುಪದೆ ಮರ ನಿಧಾನವಾಗಿ ಸಾಯುತ್ತದೆ.

ಅರ್ಜಿಯಲ್ಲಿ ನಮೂದಿಸಬೇಕಾದ ವಿವರಗಳು

ಕರ್ನಾಟಕ ವೃಕ್ಷ ಸಂರಕ್ಷಣಾ ಅಧಿನಿಯಮ, 1976ರಲ್ಲಿ "ಮರ ಕಡಿಯುವುದು" ಎಂಬ ಪದವು ಬುಡದಿಂದ ಉರುಳಿಸುವುದಕ್ಕೆ ಸೀಮಿತವಲ್ಲ. ಕೊಂಬೆ ಸವರುವುದು, ಕಾಂಡದ ಸುತ್ತ ತೊಗಟೆ ಸುಲಿಯುವುದು, ಸುಡುವುದು, ಮರವನ್ನು ಸಾಯಿಸುವ ರಾಸಾಯನಿಕ ಹಾಕುವುದು ಸಹ ಅದರಲ್ಲಿ ಸೇರುತ್ತವೆ. ಆದ್ದರಿಂದ ಕೊಂಬೆ ಮಾತ್ರ ತೆಗೆಯುವುದಾದರೂ ಮೊದಲು ವೃಕ್ಷಾಧಿಕಾರಿಗಳನ್ನು ಸಂಪರ್ಕಿಸತಕ್ಕದ್ದು.

ಗಾಯವು ನೆಲದಿಂದ ಎಷ್ಟು ಎತ್ತರದಲ್ಲಿದೆ, ಕಾಂಡದ ಸುತ್ತಳತೆಯಲ್ಲಿ ಎಷ್ಟು ಪಾಲನ್ನು ಆವರಿಸಿದೆ, ಅದರ ಅಂಚಿನಲ್ಲಿ ಹೊಸ ತೊಗಟೆ ದಿಂಡಿನಂತೆ ಉರುಳಿಕೊಂಡು ಬರುತ್ತಿದೆಯೇ ಎಂಬುದನ್ನು ಛಾಯಾಚಿತ್ರದೊಂದಿಗೆ ತಿಳಿಸಿದಲ್ಲಿ ಸ್ಥಳ ಪರಿಶೀಲನೆಗೆ ಸಹಾಯವಾಗುತ್ತದೆ. ದಿಂಡು ಕಂಡರೆ ಮರಕ್ಕೆ ಇನ್ನೂ ಶಕ್ತಿಯಿದೆ ಎಂದರ್ಥ. ಆದರೆ ಬುಡದಲ್ಲಿ ಅಣಬೆ ಎದ್ದಿರುವುದು, ಒಂದು ಬದಿಯ ಮಣ್ಣು ಉಬ್ಬಿ ಬಿರುಕು ಬಿಟ್ಟಿರುವುದು, ಮರ ಇತ್ತೀಚೆಗೆ ವಾಲಿರುವುದು ಇವು ಪೊಟರೆಗಿಂತ ಗಂಭೀರವಾದ ಲಕ್ಷಣಗಳು. ಇವನ್ನು ತಪ್ಪದೆ ಬರೆಯಬೇಕು. ಪೊಟರೆಯಲ್ಲಿ ಗಿಳಿ ಅಥವಾ ಗೂಬೆಯ ಗೂಡಿದ್ದರೆ ಅದನ್ನೂ ನಮೂದಿಸುವುದು. ಮುರಿದ ಕೊಂಬೆಯು ವಿದ್ಯುತ್ ತಂತಿಯ ಮೇಲೆ ತೂಗಾಡುತ್ತಿದ್ದಲ್ಲಿ ಯಾರೂ ಅದನ್ನು ಮುಟ್ಟದೆ, ಮೊದಲು ವಿದ್ಯುತ್ ಸರಬರಾಜು ಕಂಪನಿಯ ಸ್ಥಳೀಯ ಕಚೇರಿಗೆ ತಿಳಿಸತಕ್ಕದ್ದು.