ಪಾನಮುಕ್ತಿಯ ಸಹಚರರು: ತಪ್ಪು ಕಲ್ಪನೆ ಮತ್ತು ಸತ್ಯ

“ಅಂಥ ಸಭಾ ಇರೋದು ಬೆಂಗಳೂರಾಗರೀ, ನಮ್ಮ ಕಡೆ ಎಲ್ಲಿ ಅದಾವ?” ಎಂಬ ಮಾತನ್ನು ಯಾದಗಿರಿ, ಶಹಾಪುರ, ಸುರಪುರಗಳಲ್ಲಿ ಕುಡಿತದಿಂದ ನೊಂದ ಮನೆಗಳ ಹಿರಿಯರು ನಿಟ್ಟುಸಿರಿನೊಡನೆ ಆಡುವುದುಂಟು. ಮದ್ಯವ್ಯಸನದಿಂದ ಬಿಡುಗಡೆ ಬಯಸುವವರು ತಮ್ಮಂತೆಯೇ ಬಳಲಿ ಚೇತರಿಸಿಕೊಂಡವರೊಡನೆ ಕುಳಿತು ಮಾತನಾಡುವ ಸಭೆಯು ಮಹಾನಗರಗಳ ಸೌಕರ್ಯವೆಂದೂ, ದೊಡ್ಡ ಕಟ್ಟಡ, ಫೀಜು, ಇಂಗ್ಲಿಷು ಇವಿಲ್ಲದೆ ಅದು ನಡೆಯದೆಂದೂ ಬೇರೂರಿರುವ ಈ ನಂಬಿಕೆಯು ಉಳಿದೆಲ್ಲ ತಪ್ಪು ಕಲ್ಪನೆಗಳಿಗಿಂತ ಹೆಚ್ಚು ಹಾನಿಕರವಾದುದು. ಏಕೆಂದರೆ ಇದು ಹುಡುಕುವ ಕಾಲನ್ನೇ ಕಟ್ಟಿಹಾಕುತ್ತದೆ.

ಸತ್ಯವೇನೆಂದರೆ, ಆಲ್ಕೋಹಾಲಿಕ್ಸ್ ಅನಾನಿಮಸ್ ಎಂಬ ವಿಶ್ವವ್ಯಾಪಿ ಸಂಘವು ಹುಟ್ಟಿದ್ದೇ ಒಬ್ಬನು ಮತ್ತೊಬ್ಬನನ್ನು ಹುಡುಕಿದ್ದರಿಂದ. 1935ರ ಮೇ ತಿಂಗಳಲ್ಲಿ ಅಮೆರಿಕದ ಆಕ್ರನ್ ಪಟ್ಟಣಕ್ಕೆ ವ್ಯವಹಾರಾರ್ಥ ಬಂದು ಸೋತು, ಹೋಟೆಲಿನಲ್ಲಿ ಏಕಾಂಗಿಯಾಗಿ ನಿಂತಿದ್ದ ಬಿಲ್ ವಿಲ್ಸನ್ ಎಂಬ ಷೇರು ವ್ಯವಹಾರಸ್ಥನು, ಕೆಲವೇ ತಿಂಗಳ ಹಿಂದೆ ತಾನು ಬಿಟ್ಟಿದ್ದ ಮದ್ಯವು ಪಕ್ಕದ ಬಾರಿನಿಂದ ಮತ್ತೆ ಕರೆಯುತ್ತಿರಲು, ಅತ್ತ ಹೋಗದೆ ಟೆಲಿಫೋನಿನ ಬಳಿಗೆ ಹೋಗಿ, ತನ್ನಂಥ ಮತ್ತೊಬ್ಬ ಕುಡುಕನ ಪರಿಚಯ ಮಾಡಿಸಿಕೊಡಿರೆಂದು ಊರಿನ ಪಾದ್ರಿಗಳನ್ನು ವಿಚಾರಿಸತೊಡಗಿದನು. ಆ ವಿಚಾರಣೆಯ ಎಳೆಯನ್ನು ಹಿಡಿದು ದೊರೆತವರು ಶಸ್ತ್ರವೈದ್ಯರಾದ ಬಾಬ್ ಸ್ಮಿತ್. ಹದಿನೈದು ನಿಮಿಷಕ್ಕಿಂತ ಹೆಚ್ಚು ಕೂರಲಾರೆನೆಂದು ಬಂದ ವೈದ್ಯರು ಗಂಟೆಗಟ್ಟಲೆ ಕುಳಿತರು. ಅದೇ ವರ್ಷದ ಜೂನ್ 10ರಂದು ತಮ್ಮ ಕೊನೆಯ ಗುಟುಕನ್ನು ಕುಡಿದರು. ಆ ದಿನವೇ ಸಂಘದ ಜನ್ಮದಿನ. ಮದ್ಯ ಬಿಡುವ ಉದ್ದೇಶದಿಂದ ಇಬ್ಬರು ಮೂವರು ವ್ಯಸನಪೀಡಿತರು ಒಂದೆಡೆ ಸೇರಿದರೆ ಅದನ್ನೇ ಒಂದು ಗುಂಪೆಂದು ಕರೆಯಬಹುದೆಂದು ಸಂಘದ ಸಂಪ್ರದಾಯವು ಇಂದಿಗೂ ಹೇಳುತ್ತದೆ. ಭಾರತದಲ್ಲಿ ಈ ಸಭೆಗಳು 1957ರಿಂದ ನಡೆದುಬಂದಿವೆ.

“ಊರಾಗ ಗೊತ್ತಾದರ ಮಂದಿ ಏನಂತಾರ?” ಎಂಬ ಭಯವು ಸಣ್ಣ ಊರಿನಲ್ಲಿ ಸಹಜವೇ. ಆದರೆ ಸಭೆಯ ಒಳಗೆ ನಡೆಯುವುದನ್ನು ನೋಡಬೇಕು: ಕುರ್ಚಿ ಇಲ್ಲವೆ ಜಮಖಾನ, ಒಬ್ಬೊಬ್ಬರಾಗಿ ಹೆಸರಷ್ಟನ್ನೇ ಹೇಳಿ, “ನಾನೊಬ್ಬ ಮದ್ಯವ್ಯಸನಿ” ಎಂದು ತಮ್ಮ ಅನುಭವವನ್ನು ಹೇಳಿಕೊಳ್ಳುವರು, ನಡುವೆ ಬಾಯಿ ಹಾಕುವವರಿಲ್ಲ, ಉಪದೇಶ ಮಾಡುವವರಿಲ್ಲ, ಹೊಸಬನು ಬಯಸಿದರೆ ಸುಮ್ಮನೆ ಕೇಳುತ್ತಲೇ ಕೂರಬಹುದು. ಕೇಳಿದ್ದನ್ನು ಹೊರಗೆ ಆಡಕೂಡದು. ಶುಲ್ಕವಿಲ್ಲ; ಖರ್ಚಿಗೆಂದು ಸದಸ್ಯರು ಕೈಲಾದಷ್ಟು ಹಾಕುವರು, ಅಷ್ಟೆ. ಸೇರಲು ಬೇಕಾದ ಅರ್ಹತೆ ಕುಡಿತ ಬಿಡಬೇಕೆಂಬ ಇಚ್ಛೆಯೊಂದೇ. ಆಗಲೇ ಬಿಟ್ಟಿರಬೇಕೆಂಬ ನಿಯಮವಿಲ್ಲ, ಜಾತಿಮತಗಳ ಕಟ್ಟಳೆಯಿಲ್ಲ. ದೇವರ ಮಾತು ಅಲ್ಲಿ ಬರುವುದು ನಿಜ, ಆದರೆ ಆ ದೇವರು ಅವರವರ ಭಾವಕ್ಕೆ ತಿಳಿದ ದೇವರು.

ಇನ್ನು ಆಣೆಯ ವಿಷಯ. ದೇವರ ಮುಂದೆ ಆಣೆ ಮಾಡಿಸಿದರೆ ಸಾಕು, ಬಿಟ್ಟೇಬಿಡುತ್ತಾನೆಂಬ ನಂಬಿಕೆ ನಮ್ಮಲ್ಲಿ ಬಲವಾಗಿದೆ. ಸಂಕಲ್ಪವನ್ನು ನಾನು ಹಗುರಾಗಿ ಕಾಣುವವನಲ್ಲ; ಜನರ ದುಶ್ಚಟಗಳನ್ನೇ ಭಿಕ್ಷೆಯಾಗಿ ಬೇಡುತ್ತ ಜೋಳಿಗೆ ಹಿಡಿದು ಊರೂರು ತಿರುಗಿದ ಇಳಕಲ್ಲಿನ ಮಹಾಂತ ಶಿವಯೋಗಿಗಳ ಜನ್ಮದಿನವಾದ ಆಗಸ್ಟ್ 1ನ್ನು ನಮ್ಮ ರಾಜ್ಯವು ವ್ಯಸನಮುಕ್ತ ದಿನವಾಗಿ ಆಚರಿಸುವುದು ಅತ್ಯಂತ ಉಚಿತವಾದುದು. ಆದರೆ ಸಂಕಲ್ಪದ ಮರುದಿನ ಸಂಜೆಯ ಚಡಪಡಿಕೆಗೆ ಜೊತೆಗಾರರು ಬೇಕು. ಧರ್ಮಸ್ಥಳದ ಜನಜಾಗೃತಿ ವೇದಿಕೆಯು ಮದ್ಯವರ್ಜನ ಶಿಬಿರ ಮುಗಿದ ಮೇಲೆ ಶಿಬಿರಾರ್ಥಿಗಳನ್ನು ನವಜೀವನ ಸಮಿತಿಗಳಲ್ಲಿ ಕೂಡಿಸುವುದು ಇದೇ ಕಾರಣಕ್ಕೆ. ಸಹಚರರ ಸಭೆಯಿಂದ ಪ್ರಯೋಜನವುಂಟೆ ಎಂಬ ಸಂಶಯಕ್ಕೂ ಉತ್ತರವಿದೆ: ಹತ್ತು ಸಾವಿರಕ್ಕೂ ಮಿಕ್ಕ ಜನರನ್ನೊಳಗೊಂಡ 27 ಅಧ್ಯಯನಗಳನ್ನು 2020ರಲ್ಲಿ ಪರಾಮರ್ಶಿಸಿದ ಕಾಕ್ರೇನ್ ವರದಿಯು, ಇಂಥ ಸಭೆಗಳಿಗೆ ಕ್ರಮವಾಗಿ ಜೋಡಿಸುವ ಚಿಕಿತ್ಸೆಯಿಂದ ಪೂರ್ಣ ಮದ್ಯತ್ಯಾಗವು ಇತರ ಮನೋಚಿಕಿತ್ಸೆಗಳಿಗಿಂತ ಹೆಚ್ಚು ಮಂದಿಯಲ್ಲಿ ಉಳಿದುಬಂದಿತೆಂದು ಕಂಡಿತು.

ಈ ಸಂಶಯಕ್ಕೆ ತದ್ವಿರುದ್ಧವಾದ ತಪ್ಪೂ ಒಂದುಂಟು, ಅದು ಪ್ರಾಣಾಂತಿಕವಾದುದು: ಸಭೆಯಿದ್ದರೆ ವೈದ್ಯರೇಕೆ ಎಂಬುದು. ವರ್ಷಗಟ್ಟಲೆ ದಿನವೂ ಕುಡಿದವನು ಏಕಾಏಕಿ ನಿಲ್ಲಿಸಿದರೆ ಕೆಲವೇ ಗಂಟೆಗಳಲ್ಲಿ ಕೈನಡುಕ, ಬೆವರು. ಒಂದೆರಡು ದಿನದೊಳಗೆ ಫಿಟ್ಸ್. ಎರಡು ಮೂರು ದಿನಗಳಲ್ಲಿ ಮತಿಭ್ರಮೆ ಕಾಣಿಸಿಕೊಳ್ಳಬಹುದು. ಈ ಸೀಮೆಯಲ್ಲಿ ಸಿ.ಎಚ್. ಪೌಡರ್ ಎಂಬ ಅಮಲಿನ ಪುಡಿ ಬೆರೆಸಿದ ಸೇಂದಿಯ ಚಟವಿದ್ದವರಿಗೂ ಇದೇ ಎಚ್ಚರಿಕೆ ಸಲ್ಲುತ್ತದೆ. ಮೊದಲು ಆಸ್ಪತ್ರೆ, ಅದರ ಜೊತೆಗೆ ಸಭೆ. ಮನೆಯವರು ಊಟದಲ್ಲಿ ಗುಟ್ಟಾಗಿ ಕುಡಿತ ಬಿಡಿಸುವ ಔಷಧ ಬೆರೆಸುವುದಂತೂ ಸರ್ವಥಾ ಕೂಡದು. ಡೈಸಲ್ಫಿರಾಮ್ ಎಂಬ ಮಾತ್ರೆಯನ್ನು ಅರಿಯದೆ ನುಂಗಿದವನು ಮೇಲೆ ಮದ್ಯ ಕುಡಿದರೆ ರಕ್ತದೊತ್ತಡ ಕುಸಿದು ಜೀವಕ್ಕೇ ಎರವಾಗಬಹುದು. ಮನೆಯವರಿಗೂ ಬೇರೆ ದಾರಿಯುಂಟು: ಬಳಲಿದ ಹೆಂಡತಿ ಮಕ್ಕಳು ಮೊದಲಾದವರಿಗೆಂದೇ ಅಲ್-ಅನಾನ್ ಎಂಬ ಪ್ರತ್ಯೇಕ ಸಭೆಗಳಿವೆ.

ಹುಡುಕುವುದು ಹೇಗೆ? ಜಿಲ್ಲಾಸ್ಪತ್ರೆಯ ಮನೋವೈದ್ಯರನ್ನಾಗಲಿ, ತಾಲ್ಲೂಕಿನಲ್ಲಿರುವ ಧರ್ಮಸ್ಥಳ ಗ್ರಾಮಾಭಿವೃದ್ಧಿ ಯೋಜನೆಯ ಕಾರ್ಯಕರ್ತರನ್ನಾಗಲಿ ಕೇಳಬಹುದು. ಹತ್ತಿರದಲ್ಲಿ ಸಭೆ ಸಿಗದಿದ್ದರೆ ದೂರದ ಊರಿನಲ್ಲಿ ವಿಚಾರಿಸಬಹುದು; ಯಾದಗಿರಿಯಿಂದ ರಾಯಚೂರಿಗೂ ಕಲಬುರಗಿಗೂ ರೈಲುಂಟು. ಪಯಣ ಸಾಧ್ಯವಾಗದವರಿಗೆ ಮೊಬೈಲಿನಲ್ಲೇ ಸೇರಬಹುದಾದ ಸಭೆಗಳೂ ಉಂಟು. ಮೊದಲ ಸಭೆ ಮನಸ್ಸಿಗೆ ಹಿಡಿಸದಿದ್ದರೆ ಮತ್ತೊಂದಕ್ಕೆ ಹೋಗಬೇಕು. ಮಾನಸಿಕ ಆರೋಗ್ಯದ ಸಹಾಯವಾಣಿಯಾದ ಟೆಲಿ ಮಾನಸ್ ಸಂಖ್ಯೆ 14416, ವ್ಯಸನಮುಕ್ತಿಯ ರಾಷ್ಟ್ರೀಯ ಸಹಾಯವಾಣಿ 14446, ಎರಡಕ್ಕೂ ದುಡ್ಡಿಲ್ಲ. ಕರೆ ಮಾಡಿದಾಗ ಔಷಧವನ್ನಷ್ಟೇ ಕೇಳಿ ಸುಮ್ಮನಾಗದೆ, ಕುಡಿತ ಬಿಟ್ಟವರ ಸಭೆ ನಮ್ಮ ಹತ್ತಿರ ಎಲ್ಲಿ, ಯಾವ ವಾರ ನಡೆಯುತ್ತದೆಂಬುದನ್ನೂ ದಯವಿಟ್ಟು ಕೇಳಿರಿ.