ಹೋಟೆಲಿನ ದೀಪವೂ ಸೇವಂತಿಗೆಯ ಮೊಗ್ಗೂ

ಚಳಿಗಾಲವು ಶೀತದೇಶದವರಿಗೆ ತೋಟ ಬರಿದಾಗುವ ಕಾಲ. ನಮ್ಮ ಹೈದರಾಬಾದಿನಲ್ಲಿ ಸಂಗತಿ ತೀರ ವಿಪರೀತ. ಬೇಸಗೆಯಲ್ಲಿ ಬಂಡೆ ಕಾದು ಗಿಡ ಬಾಡುವ ಈ ಊರಿನಲ್ಲಿ ಹೂವಿಗೆ ಸುಗ್ಗಿ ಎಂಬುದಿದ್ದರೆ ಅದು ಕಾರ್ತಿಕದಿಂದ ಮಾಘದವರೆಗೆ. ಗುಡಿಮಲ್ಕಾಪುರದ ಹೂವಿನ ಪೇಟೆಯಲ್ಲಿ ಆಗ ಹಳದಿ, ಬಿಳಿ ಸೇವಂತಿಗೆಯ ರಾಶಿ. ಮನೆಗಳ ಅಂಗಳದಲ್ಲಿ, ತೆಲುಗರು 'ಡಿಸೆಂಬರ್ ಹೂವು' ಎಂದೇ ಕರೆಯುವ ನೇರಳೆ ಬಣ್ಣದ ಗೋರಟೆ. ಪರಿಮಳವಿಲ್ಲದಿದ್ದರೂ ಹೆಂಗಳೆಯರು ಅದನ್ನು ಮುಡಿಯದೆ ಬಿಡರು.

ಒಂದೇ ಕೋಣೆಯಲ್ಲಿ ನಾಲ್ವರು ವಾಸಿಸುವ ನಮ್ಮ ಹೋಟೆಲು ಬಂಧುಗಳಿಗೂ ಗುಮಾಸ್ತರಿಗೂ ತೋಟದ ಮಾತೇಕೆ ಎಂದು ವಾಚಕರು ಕೇಳಬಹುದು. ಕಾಚಿಗುಡದ ಕಡೆಯ ಹೋಟೆಲೊಂದರ ಬಾಗಿಲಲ್ಲಿ ಕಳೆದ ವರ್ಷ ನಾವು ಕಂಡ ಎರಡು ಎಣ್ಣೆ ಡಬ್ಬಿಗಳೇ ಈ ಬರಹಕ್ಕೆ ಕಾರಣ. ಉಡುಪಿಯ ಕಡೆಯ ಅಡಿಗೆಯವರೊಬ್ಬರು ಊರಿನಿಂದ ಸೇವಂತಿಗೆಯ ಸಸಿ ತಂದು ಅವುಗಳಲ್ಲಿ ನೆಟ್ಟಿದ್ದರು. ಗಿಡವೇನೋ ಸೊಂಪಾಗಿತ್ತು; ಮಾರ್ಗಶಿರ ಬಂದರೂ ಒಂದು ಮೊಗ್ಗಿಲ್ಲ. ಗೊಬ್ಬರ ಸಾಲದೆಂದು ಕಾಫಿ ಗಷ್ಟು ಹಾಕಿದರು. ಎಲೆ ಹೆಚ್ಚಿತು, ಅಷ್ಟೆ. ಊರಿನ ಗಿಡ ಈ ನೀರಿಗೆ ಒಗ್ಗಲಾರದೆಂದು ಅವರು ನಿಶ್ಚಯಿಸಿಬಿಟ್ಟಿದ್ದರು. ಗಿಡವನ್ನು ಕುರಿತು ಮಾತ್ರ ಆ ಮಾತನ್ನಾಡಿದರೆಂದು ನಮಗೆ ತೋರಲಿಲ್ಲ.

ತಪ್ಪು ನೀರಿನದಲ್ಲ, ಬಾಗಿಲ ಮೇಲೆ ನಡುರಾತ್ರಿಯವರೆಗೆ ಉರಿಯುವ ದೀಪದ್ದು. ಸೇವಂತಿಗೆಗೆ ಚಳಿಗಿಂತ ದೀರ್ಘವಾದ ಕತ್ತಲೆ ಮುಖ್ಯ. ಹೈದರಾಬಾದಿನಲ್ಲಿ ಜೂನ್ ತಿಂಗಳ ರಾತ್ರಿ ಸುಮಾರು 11 ಗಂಟೆಯದು. ಡಿಸೆಂಬರಿನದು 13 ಗಂಟೆಗೆ ಸಮೀಪ. ರಾತ್ರಿ ಬೆಳೆದುದನ್ನು ಎಲೆಗಳು ಅರಿತ ಮೇಲೆಯೇ ಗಿಡ ಮೊಗ್ಗಿಗೆ ತೊಡಗುತ್ತದೆ. ನಡುವೆ ದೀಪ ಬೆಳಗಿದರೆ ಅದಕ್ಕೆ ಇನ್ನೂ ಬೇಸಗೆಯೇ. ಗಿಡಗಳ ಈ ಕಾಲಗಣನೆಯನ್ನು ಅಮೆರಿಕದ ಕೃಷಿ ಇಲಾಖೆಯ ಗಾರ್ನರ್ ಮತ್ತು ಅಲಾರ್ಡ್ ಎಂಬ ವಿಜ್ಞಾನಿಗಳು ಹೊಗೆಸೊಪ್ಪಿನ ಗಿಡದಲ್ಲಿ ಕಂಡು 1920ರಲ್ಲಿ ಪ್ರಕಟಿಸಿದರು. ಇಂದು ನಮ್ಮ ಕರ್ನಾಟಕದ ಸೇವಂತಿಗೆ ಬೆಳೆಗಾರರೂ ರಾತ್ರಿ ಹೊಲದಲ್ಲಿ ಬಲ್ಬು ಉರಿಸಿ, ಹೂವನ್ನು ಬೇಕಾದ ಕಾಲದವರೆಗೆ ತಡೆದಿಡುತ್ತಾರೆ. ಹೋಟೆಲಿನವರು ಅರಿಯದೆ ಮಾಡಿದ್ದೂ ಅದನ್ನೇ. ಕ್ರಿಸ್‌ಮಸ್ ಹೊತ್ತಿಗೆ ತುದಿಯ ಎಲೆಗಳೆಲ್ಲ ಕೆಂಪಾಗುವ ಪಾಯಿನ್ಸೆಟಿಯಾ ಗಿಡದ ಸ್ವಭಾವವೂ ಇಂಥದೇ.

ಆದುದರಿಂದ ಡಬ್ಬಿಯನ್ನು ಹಗಲು ಬಿಸಿಲಿಗಿಟ್ಟು, ಸಂಜೆ ದೀಪ ತಾಗದ ಹಿತ್ತಿಲಿಗೆ ಸಾಗಿಸಬೇಕು. ತಳಕ್ಕೆ ತೂತು ಕೊರೆಯಲು ಮರೆಯಬಾರದು. ಕಾಫಿ ಗಷ್ಟನ್ನು ಹಸಿಯಾಗಿ ಸುರಿಯದೆ, ತರಕಾರಿ ಸಿಪ್ಪೆಯೊಡನೆ ಕೊಳೆಸಿ ಹಾಕುವುದು ಲೇಸು. ಕತ್ತಲೆಯ ಲೆಕ್ಕ ಸರಿಯಾದ ಮೇಲೆ ಹೂವರಳಲು ಎಂಟು ಹತ್ತು ವಾರ ಬೇಕು. ಬಾಗಿಲಲ್ಲೇ ಬಣ್ಣ ಬೇಕೆನ್ನುವವರು ಗುಲಾಬಿ ಇಡಲಿ. ಹಗಲು ಬಿಸಿಲು ದೊರೆತರಾಯಿತು, ಅದು ರಾತ್ರಿಯ ಗಂಟೆ ಎಣಿಸುವುದಿಲ್ಲ.

ಅಡಿಗೆಯವರು ನಮ್ಮ ಮಾತನ್ನು ಪೂರ್ಣವಾಗಿ ನಂಬಲಿಲ್ಲ. ಒಂದು ಡಬ್ಬಿಯನ್ನು ಮಾತ್ರ ಪ್ರತಿ ಸಂಜೆ ಹಿತ್ತಿಲಿನ ನೀರಿನ ತೊಟ್ಟಿಯ ಮರೆಗೆ ಒಯ್ದಿಟ್ಟರು. ಮಾಘದಲ್ಲಿ ನಾವು ಮತ್ತೆ ಹೋದಾಗ ಬಾಗಿಲಿನ ಗಿಡ ಹಸಿರಾಗಿಯೇ ಇತ್ತು. ಗಲ್ಲಾದ ಮೇಲಿನ ಕೃಷ್ಣನ ಪಟಕ್ಕೆ ಹಳದಿ ಸೇವಂತಿಗೆ ಏರಿತ್ತು.