ಇಂಗ್ಲಿಷಿನ ನಿರ್ಣಯವಾಚಕ ಕ್ರಿಯಾಪದಗಳು

ಅಭಿಪ್ರಾಯವನ್ನಾಗಲಿ ನಿರ್ಣಯವನ್ನಾಗಲಿ ಸೂಚಿಸುವ ಗಂಭೀರ ಕ್ರಿಯಾಪದಗಳು ಇಂಗ್ಲಿಷಿನಲ್ಲಿ ಹಲವಾರಿವೆ. ಕನ್ನಡದ ವೃತ್ತಪತ್ರಿಕೆಗಳಲ್ಲಿ ಇವುಗಳಲ್ಲಿ ಹೆಚ್ಚಿನವು 'ಅಭಿಪ್ರಾಯಪಟ್ಟರು' ಎಂಬ ಒಂದೇ ಮಾತಿನಲ್ಲಿ ಕರಗಿಹೋಗುತ್ತವೆ. ಇದು ಕೇವಲ ಶೈಲಿಯ ದಾರಿದ್ರ್ಯವಲ್ಲ, ಅರ್ಥವೇ ಕೆಡುತ್ತದೆ.

ನ್ಯಾಯಾಲಯದ ಭಾಷೆಯನ್ನು ನೋಡಿದರೆ ಇದು ಸ್ಪಷ್ಟವಾಗುವುದು. ಸಾಕ್ಷ್ಯವನ್ನು ಪರಿಶೀಲಿಸಿ, ಇಂಥ ಸಂಗತಿ ನಡೆದಿದೆಯೆಂದು ನ್ಯಾಯಾಧೀಶರು ನಿಶ್ಚಯಿಸಿದರೆ ಅದು 'ಫೈಂಡ್'. ಆ ಸಂಗತಿಗೆ ಕಾನೂನು ಹೀಗೆ ಅನ್ವಯಿಸುತ್ತದೆಂದು ವಿಧಿಸಿದರೆ 'ಹೋಲ್ಡ್'. ಕೈಬರಹದ ತಜ್ಞನು ಸಾಕ್ಷಿಕಟ್ಟೆಯಿಂದ ಹೇಳುವುದಾದರೋ 'ಓಪೈನ್'. ನ್ಯಾಯಾಲಯವು ಅದನ್ನು ಒಪ್ಪಲೂಬಹುದು, ತಳ್ಳಲೂಬಹುದು. 'ಹೋಲ್ಡ್' ಎಂಬುದನ್ನು 'ಅಭಿಪ್ರಾಯಪಟ್ಟಿತು' ಎಂದು ಅನುವಾದಿಸಿದಲ್ಲಿ, ಕಕ್ಷಿದಾರನನ್ನು ಬಂಧಿಸುವ ತೀರ್ಪು ಅವನಿಗೆ ಬರಿಯ ಸಲಹೆಯಂತೆ ತೋರೀತು. ಮೇಲ್ಮನವಿಯ ಅವಧಿ ಮೀರಿದ ಬಳಿಕ ನಿಜಾರ್ಥ ತಿಳಿದು ಅವನಿಗಾಗುವ ಪ್ರಯೋಜನವೇನು? 'ತೀರ್ಮಾನಿಸಿತು' ಎಂಬ ಸುಲಭವಾದ ಮಾತು ನಮ್ಮಲ್ಲಿ ಇದ್ದೇ ಇದೆ.

ಇವೆಲ್ಲವುಗಳಲ್ಲಿ ವಿಚಿತ್ರವಾದುದು 'ಡೀಮ್'. ಹಳೆಯ ಇಂಗ್ಲಿಷಿನಲ್ಲಿ ಇದಕ್ಕೆ 'ತೀರ್ಪು ಕೊಡು' ಎಂದೇ ಅರ್ಥವಿದ್ದಿತು. 'ಡೂಮ್' ಶಬ್ದವು ಇದರ ದಾಯಾದಿ. ಮ್ಯಾನ್ ದ್ವೀಪದ ನ್ಯಾಯಾಧೀಶರಿಗೆ ಇಂದಿಗೂ 'ಡೀಮ್‌ಸ್ಟರ್' ಎಂಬ ಹೆಸರಿದೆ. ಶಾಸನಗಳಲ್ಲಿ ಮಾತ್ರ ಈ ಪದವು ಬೇರೊಂದು ಕೆಲಸವನ್ನು ಹೊತ್ತಿದೆ: ವಸ್ತುತಃ ಹಾಗಲ್ಲದುದನ್ನೂ ಕಾನೂನಿನ ಉದ್ದೇಶಕ್ಕಾಗಿ ಹಾಗೆಂದೇ ಎಣಿಸುವುದು. 1956ರ ವಿಶ್ವವಿದ್ಯಾನಿಲಯ ಧನಸಹಾಯ ಆಯೋಗದ ಕಾಯಿದೆಯ 3ನೆಯ ಪ್ರಕರಣದ ಮೇರೆಗೆ, 1958ರಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಗೆ ಈ ಬಗೆಯ ಮಾನ್ಯತೆ ದೊರೆಯಿತು. ಇಲ್ಲಿ ಯಾರ ಅಭಿಪ್ರಾಯದ ಪ್ರಶ್ನೆಯೂ ಇಲ್ಲ. ಎಣಿಸಲ್ಪಟ್ಟುದು ಬೇರೆ, ಆಗಿರುವುದು ಬೇರೆ ಎಂಬ ಭೇದವು ಹುಸಿಯಲ್ಲ. ಇಂಥ ಸಂಸ್ಥೆಗಳು ತಮ್ಮ ಹೆಸರಿನಲ್ಲಿ 'ಯೂನಿವರ್ಸಿಟಿ' ಎಂಬ ಪದವನ್ನು ಬಳಸದಂತೆ ತಡೆಯಲು 2017ರಲ್ಲಿ ಸರ್ವೋಚ್ಚ ನ್ಯಾಯಾಲಯವೇ ಆಯೋಗಕ್ಕೆ ಆದೇಶಿಸಿತು.

ಕನ್ನಡ ಶಾಸನಗಳ 'ಎಂದು ಭಾವಿಸತಕ್ಕದ್ದು' ಎಂಬ ಪ್ರಯೋಗವನ್ನು ಕೃತಕವೆಂದು ಹಳಿಯುವವರುಂಟು. 'ಭಾವಿಸು' ಎಂಬುದು ಮನಸ್ಸಿನ ವ್ಯಾಪಾರ, ನಿಜ. ಆದರೆ 'ತಕ್ಕದ್ದು' ಸೇರಿದೊಡನೆ ಅದು ಆಜ್ಞೆಯಾಗಿಬಿಡುತ್ತದೆ. ಮೂಲದ ಬಿಗಿ ಇಲ್ಲಿ ಉಳಿದಿದೆ. 'ಪರಿಗಣಿತ' ಎಂಬ ವಿಶೇಷಣವೂ ಸಲ್ಲುವಂಥದೇ.

ಇಂಗ್ಲಿಷಿನಲ್ಲಿ ಬರೆಯುವ ಕನ್ನಡಿಗರಿಗೆ ತೊಡಕಾಗುವುದು ನಮ್ಮ 'ಎಂದು', 'ಆಗಿ'ಗಳಿಂದ. ಇವುಗಳ ಸೆಳೆತಕ್ಕೆ ಸಿಕ್ಕಿ 'ಡೀಮ್' ಆದಮೇಲೆ 'ಆ್ಯಸ್' ಸೇರಿಸುವುದುಂಟು. ಶಿಷ್ಟಪ್ರಯೋಗದಲ್ಲಿ ಅದು ಬೇಕಿಲ್ಲ. 'ಓಪೈನ್' ವಿಷಯದಲ್ಲಿ ಇನ್ನೊಂದು ಎಚ್ಚರವೂ ಬೇಕು. ಭಾರತದ ತೀರ್ಪುಗಳಲ್ಲಿ ಅದು ಗಂಭೀರ ಪದವೇ; ಇಂಗ್ಲೆಂಡಿನ ದಿನಬಳಕೆಯಲ್ಲಾದರೋ, ಯಾರೂ ಕೇಳದಿದ್ದರೂ ದೊಡ್ಡಸ್ತಿಕೆಯಿಂದ ಮಾತಾಡುವವರ ಮೇಲಣ ಕುಹಕವು ಅದರಲ್ಲಿ ಎಷ್ಟೋ ವೇಳೆ ಸೇರಿರುತ್ತದೆ.